429 ಕೋಟಿಯ ಈ ಸಂಖ್ಯೆ ಅವಿಭಾಜ್ಯವೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. 4,29,49,67,297 ಅವಿಭಾಜ್ಯ ಸಂಖ್ಯೆಯೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಇದರ ವರ್ಗಮೂಲ 65,536ಕ್ಕಿಂತ ತುಸುವೇ ಹೆಚ್ಚು. ಅಲ್ಲಿಯವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡದೆ ತೀರ್ಮಾನಕ್ಕೆ ಬರುವ ದಾರಿ ಇದೆಯೇ?

ಉತ್ತರ: ನಮಸ್ಕಾರ ಮೇಡಂ. ಇದು ಅವಿಭಾಜ್ಯವಲ್ಲ, 641 × 67,00,417 ಎಂದು ಒಡೆಯುತ್ತದೆ, ಆ ಎರಡೂ ಅವಿಭಾಜ್ಯಗಳು. ನಿಮ್ಮ ವಿದ್ಯಾರ್ಥಿನಿ ಕೇಳಿರುವುದು 2³² + 1, ಅಂದರೆ 3, 5, 17, 257, 65,537 ಎಂದು ಸಾಗುವ ಫರ್ಮಾ ಸಂಖ್ಯೆಗಳ (2ರ ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತ ಹೋಗಿ, ಪ್ರತಿ ಬಾರಿ 1 ಕೂಡಿದರೆ ಸಿಗುವವು) ಸಾಲಿನಲ್ಲಿ ಮುಂದಿನದು. ಈ ಐದೂ ಅವಿಭಾಜ್ಯಗಳಾಗಿರುವುದರಿಂದ ಸಾಲಿನಲ್ಲಿ ಮುಂದೆ ಬರುವವೆಲ್ಲವೂ ಹಾಗೆಯೇ ಇರಬೇಕೆಂದು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಈ ಸಂಖ್ಯೆಯನ್ನೇ ಒಡೆದು ಆ ನಂಬಿಕೆ ತಪ್ಪೆಂದು ತೋರಿಸಿದರು.

ದಾರಿ ಹೀಗಿದೆ. ಒಂದು ಅವಿಭಾಜ್ಯ ಸಂಖ್ಯೆ 2³² + 1 ಅನ್ನು ನಿಶ್ಶೇಷವಾಗಿ ಭಾಗಿಸುವುದಾದರೆ, ಅದರಿಂದ 2³² ಅನ್ನು ಭಾಗಿಸಿದಾಗ ಉಳಿಯುವ ಶೇಷ −1ಕ್ಕೆ ಸಮ, 2⁶⁴ರ ಶೇಷ 1. ಇದಕ್ಕಿಂತ ಚಿಕ್ಕ ಯಾವ ಘಾತಕ್ಕೂ 1 ಬರುವುದಿಲ್ಲ, ಆದರೆ ಆ ಅವಿಭಾಜ್ಯಕ್ಕಿಂತ 1 ಕಡಿಮೆಯಾದ ಘಾತಕ್ಕೆ 1 ಬರಲೇಬೇಕು. ಆದ್ದರಿಂದ ಆ ಅವಿಭಾಜ್ಯದಿಂದ 1 ಕಳೆದರೆ ಉಳಿಯುವುದು 64ರ ಅಪವರ್ತ್ಯವಾಗಿರಲೇಬೇಕು. ಅಂತಹ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೆಯದಕ್ಕೇ ಶೇಷ ಸೊನ್ನೆಯಾಗುತ್ತದೆ.

ಭಾಗಾಕಾರವಿಲ್ಲದೆಯೂ ಇದನ್ನು ಸಾಧಿಸಬಹುದು, ತರಗತಿಗೆ ನಾನು ಇದನ್ನೇ ಹೆಚ್ಚು ಮೆಚ್ಚುತ್ತೇನೆ. 641 = 5 × 2⁷ + 1 ಆಗಿರುವುದರಿಂದ 5 × 2⁷ರ ಶೇಷ −1, ಅದರ ನಾಲ್ಕನೆಯ ಘಾತ 5⁴ × 2²⁸ರ ಶೇಷ 1. ಜೊತೆಗೆ 641 = 5⁴ + 2⁴ ಆಗಿರುವುದರಿಂದ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2³²ರ ಶೇಷ 1, ಎಂದರೆ 2³² + 1 ಅನ್ನು 641 ಭಾಗಿಸುತ್ತದೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಕಂಪ್ಯೂಟರಿನಲ್ಲಿ 2ನ್ನು ಆಧಾರವಾಗಿಟ್ಟು ಫರ್ಮಾ ಪರೀಕ್ಷೆ (ಸಂಖ್ಯೆಗಿಂತ 1 ಕಡಿಮೆಯಾದ ಘಾತಕ್ಕೆ ಆಧಾರವನ್ನು ಏರಿಸಿ, ಆ ಸಂಖ್ಯೆಯಿಂದ ಭಾಗಿಸಿ, ಅವಿಭಾಜ್ಯವಾದರೆ ಬರಬೇಕಾದ ಶೇಷ 1 ಬರುತ್ತದೆಯೇ ಎಂದು ನೋಡುವುದು) ನಡೆಸಿದಾಗ ಶೇಷ 1 ಬಂತು. ಅವಿಭಾಜ್ಯವಲ್ಲದಿದ್ದರೆ ಹೀಗೇಕೆ?

ಉತ್ತರ: ಈ ಸಂಖ್ಯೆಯಿಂದ ಭಾಗಿಸಿದಾಗಲೂ 2⁶⁴ರ ಶೇಷ 1, ಮತ್ತು ಪರೀಕ್ಷೆಯ ಘಾತವಾದ 2³² ಸ್ವತಃ 64ರ ಅಪವರ್ತ್ಯ. ಆದ್ದರಿಂದ 2ರ ಪರೀಕ್ಷೆಯನ್ನು ಎಲ್ಲ ಫರ್ಮಾ ಸಂಖ್ಯೆಗಳೂ ದಾಟುತ್ತವೆ, ಅದರಿಂದ ಏನೂ ಸಿದ್ಧವಾಗುವುದಿಲ್ಲ. 3ನ್ನು ಆಧಾರವಾಗಿಟ್ಟರೆ ಶೇಷ 1 ಬರುವುದಿಲ್ಲ.

ಕಾಗದದ ಮೇಲೆ ನೋಡಬಯಸುವವರಿಗೆ ಇನ್ನೂ ಸುಂದರವಾದ ಸಾಕ್ಷ್ಯವಿದೆ. ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಲಾಗದು. ಇದನ್ನಾದರೋ 65,536² + 1² ಎಂದೂ 62,264² + 20,449² ಎಂದೂ ಬರೆಯಬಹುದು. ಸಮಸಂಖ್ಯೆಗಳ ವ್ಯತ್ಯಾಸ 3,272, ಬೆಸಸಂಖ್ಯೆಗಳ ವ್ಯತ್ಯಾಸ 20,448, ಇವುಗಳ ಮ.ಸಾ.ಅ. 8. ಮೊತ್ತಗಳಾದ 1,27,800 ಮತ್ತು 20,450ರ ಮ.ಸಾ.ಅ. 50. ಈ ಎರಡು ಮ.ಸಾ.ಅ.ಗಳ ಅರ್ಧಗಳನ್ನು ವರ್ಗಮಾಡಿ ಕೂಡಿದರೆ 4² + 25² = 641.