‘ಕ್ಯಾನ್ಸಲ್’ ಪದದ ಮೂಲ. ಫಲಕಕ್ಕೆ ‘ರದ್ದು’ ಸಾಕು

ಮಾನ್ಯರೇ,

ಸಭಾಂಗಣದ ಬಾಗಿಲಿಗೆ ಇಂದು ಸಂಜೆಯೊಳಗೆ ಫಲಕ ಹಾಕಬೇಕೆಂದೂ, ‘ಕ್ಯಾನ್ಸಲ್’ ಎಂಬುದಕ್ಕೆ ಅಚ್ಚಗನ್ನಡ ಪದವೇ ಬೇಕೆಂದೂ ಕೇಳಿದ್ದೀರಿ. ‘ಇಂದಿನ ಕಾರ್ಯಕ್ರಮ ರದ್ದಾಗಿದೆ’ ಎಂದು ಬರೆಸಿ. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಇನ್ನೊಬ್ಬರು ಸೂಚಿಸಿರುವ ‘ತೊಡೆಯಲಾಗಿದೆ’ ಸಲ್ಲದು. ತೊಡೆಯುವುದು ಬರೆಹವನ್ನು ಅಥವಾ ಕಣ್ಣೀರನ್ನು, ಕಾರ್ಯಕ್ರಮವನ್ನಲ್ಲ. ‘ಕೈಬಿಡಲಾಗಿದೆ’ ಎಂಬುದು ಯೋಜನೆಗೆ ಹೊಂದುತ್ತದೆ. ಕೊಂಡ ಟಿಕೆಟ್ಟಿಗೆ ಹೊಂದುವುದಿಲ್ಲ.

ಇಂಗ್ಲಿಷ್ ಕ್ರಿಯಾಪದದ ಮೂಲದಲ್ಲಿರುವುದು ಜಾಲರಿ. ಲ್ಯಾಟಿನ್ನಿನಲ್ಲಿ ‘ಕಾನ್ಸೆಲ್ಲಿ’ ಎಂದರೆ ಅಡ್ಡಪಟ್ಟಿಗಳ ಜಾಲರಿ. ಬರೆದದ್ದು ಇನ್ನು ನಡೆಯದು ಎಂದು ತೋರಿಸಲು ಅದರ ಮೇಲೆ ಜಾಲರಿಯಂತೆ ಓರೆಗೀಟುಗಳನ್ನು ಎಳೆಯುವುದೇ ‘ಕಾನ್ಸೆಲ್ಲಾರೆ’. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ನ್ಯಾಯಸ್ಥಾನದ ಜಾಲರಿಯ ಬಳಿ ನಿಲ್ಲುತ್ತಿದ್ದ ನೌಕರನಿಂದ ‘ಚಾನ್ಸೆಲರ್’ ಹುಟ್ಟಿತು. ನಮ್ಮ ವಿಶ್ವವಿದ್ಯಾಲಯಗಳ ಕುಲಾಧಿಪತಿಗೂ ಟಿಕೆಟ್ ರದ್ದತಿಗೂ ಇಂಗ್ಲಿಷಿನಲ್ಲಿ ಬೇರು ಒಂದೇ. ಈ ಮೂಲಾರ್ಥಕ್ಕೆ ನಮ್ಮಲ್ಲಿ ‘ಹೊಡೆದುಹಾಕು’ ಎಂಬ ಪದ ಮೊದಲಿನಿಂದಲೂ ಇದೆ. ಸಾಲ ತೀರಿದ ದಿನ ಕಿರಾಣಿ ಅಂಗಡಿಯವರು ಲೆಕ್ಕದ ಪುಸ್ತಕ ತೆರೆದು, ನಮ್ಮ ಹೆಸರಿನ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೀಟು ಎಳೆಯುತ್ತಾರಲ್ಲ, ಅದೇ ಹೊಡೆದುಹಾಕುವುದು. ಭಿನ್ನರಾಶಿಯಲ್ಲಿ ಮೇಲಿನ ಆರನ್ನೂ ಕೆಳಗಿನ ಮೂರನ್ನೂ ಹೊಡೆದು ಎರಡು ಉಳಿಸುವಾಗಲೂ ಮಕ್ಕಳು ಮಾಡುವುದು ಅದನ್ನೇ. ಆದರೆ ಈ ಪದ ಕಾಗದದ ಮೇಲಿನ ಗುರುತಿಗೆ ಅಂಟಿಕೊಂಡಿದೆ. ‘ಸಭೆಯನ್ನು ಹೊಡೆದುಹಾಕಿದ್ದಾರೆ’ ಎಂದು ಫಲಕದಲ್ಲಿ ಬರೆದರೆ ಅನರ್ಥವಾಗುತ್ತದೆ.

‘ರದ್ದು’ ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು, ಆದ್ದರಿಂದ ಬೇಡ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಫಲಕದ ಅದೇ ಸಾಲಿನಲ್ಲಿರುವ ‘ಕಾರ್ಯಕ್ರಮ’ ಸಂಸ್ಕೃತದ್ದು. ಅದಕ್ಕೆ ಯಾರೂ ಎತ್ತದ ಆಕ್ಷೇಪ ಇದಕ್ಕೇಕೆ? ಮೂಲದಲ್ಲಿ ‘ಹಿಂತಿರುಗಿಸು, ತಳ್ಳಿಹಾಕು’ ಎಂಬ ಅರ್ಥದ ಈ ಪದಕ್ಕೆ ಕನ್ನಡವು ಆಗು, ಪಡಿಸು, ಗೊಳಿಸು ಎಂಬ ತನ್ನದೇ ಕ್ರಿಯಾಪದಗಳನ್ನು ಜೋಡಿಸಿ, ಆದದ್ದನ್ನೂ ಮಾಡಿದ್ದನ್ನೂ ಬೇರೆಬೇರೆಯಾಗಿ ಹೇಳುವಂತೆ ಪಳಗಿಸಿಕೊಂಡಿದೆ. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳ ಚಲಾವಣೆ ನಿಂತಾಗ ಪತ್ರಿಕೆಗಳು ‘ಅಮಾನ್ಯೀಕರಣ’ವನ್ನೂ ‘ನೋಟು ರದ್ದು’ ಎಂಬುದನ್ನೂ ಬರೆದವು. ಸರದಿಯಲ್ಲಿ ನಿಂತವರಿಗೆ ವಿವರಣೆಯಿಲ್ಲದೆ ತಿಳಿಯುವಂಥದ್ದು ಎರಡನೆಯದು. ಫಲಕ ಓದುವವರೂ ಅವರೇ.

ಮಳೆಯಿಂದ ನಿಂತಿದ್ದರೆ ‘ರದ್ದಾಗಿದೆ’ ಎನ್ನಿ. ನೀವೇ ತೀರ್ಮಾನಿಸಿದ್ದರೆ ‘ರದ್ದುಪಡಿಸಲಾಗಿದೆ’ ಎನ್ನಿ. ಬೇರೆ ದಿನಾಂಕ ಕೊಡುವುದಿದ್ದರೆ ಎರಡೂ ಬೇಡ, ‘ಮುಂದೂಡಲಾಗಿದೆ’ ಎಂದು ಬರೆಸಿ.