ಟ್ರಯಲ್ಸ್ ಬೈಕ್: ಪೆಡಲ್ ಒತ್ತಿದಾಗ ಜಾರುತ್ತೆ, ಯಾವ ಫ್ರೀವೀಲ್ ಹಾಕಲಿ?

ಪೆಡಲ್_ಪುಟ್ಟ:
ಎಲ್ಲರಿಗೂ ನಮಸ್ಕಾರ. ನಂದು 20 ಇಂಚಿನ ಟ್ರಯಲ್ಸ್ ಬೈಕು (ಕಲ್ಲು, ಕಟ್ಟೆ ಹಾರೋ ಸೈಕಲ್), ಸೆಕೆಂಡ್ ಹ್ಯಾಂಡ್. ಮುಂದೆ ಕ್ರ್ಯಾಂಕಿನಲ್ಲೇ (ಪೆಡಲ್ ತೋಳಿನಲ್ಲೇ) 18 ಹಲ್ಲಿನ ಫ್ರೀವೀಲ್, ಅಂದ್ರೆ ಮುಂದಕ್ಕೆ ಕಚ್ಚಿ ಹಿಂದಕ್ಕೆ ಸುಮ್ಮನೆ ತಿರುಗೋ ಹಲ್ಲುಚಕ್ರ; ಹಿಂದೆ 12 ಹಲ್ಲಿನ ಫಿಕ್ಸೆಡ್ ಕಾಗ್ (ಚಕ್ರಕ್ಕೆ ಬಿಗಿದ ಹಲ್ಲುಚಕ್ರ). ಹಿಂಚಕ್ರದ ಮೇಲೆ ನಿಂತು ಪೆಡಲ್ ಕಿಕ್ ಕೊಟ್ಟಾಗ ಒಮ್ಮೊಮ್ಮೆ ಟಕ್ ಅಂತ ಜಾರುತ್ತೆ. ಮೊಣಕಾಲು ಹೋಗಿ ಸ್ಟೆಮ್ಮಿಗೆ ಬಡಿಯುತ್ತೆ. ಹತ್ತಿರದ ಸೈಕಲ್ ಅಂಗಡಿಯವರು "ಮಾಮೂಲಿ ಸೈಕಲ್ಲಿನ 18 ಹಲ್ಲಿಂದೇ ಕೂರುತ್ತೆ, ಹಾಕಿಕೊಡ್ತೀನಿ" ಅಂತಾರೆ. ಹೊರಗಿಂದ ತರಿಸಿದರೆ ಕಸ್ಟಮ್ಸ್ ಬೇರೆ. 72 ಕ್ಲಿಕ್ಕಿಂದು (ಒಂದು ಸುತ್ತಿಗೆ 72 ಕಡೆ ಕಚ್ಚೋದು) ತಗೊಳ್ಳಲಾ, 108ರದಾ, ಇಲ್ಲಾ ಅಂಗಡಿಯದೇ ಸಾಕಾ?

ಕಾವೆಂಟ್ರಿ_ಕನ್ನಡಿಗ:
ದುಡ್ಡು ಬಿಚ್ಚೋ ಮುಂಚೆ ಜಾರ್ತಿರೋದು ಫ್ರೀವೀಲೇನಾ ನೋಡಿ. ಫ್ರೀವೀಲಿನ ಒಂದು ಹಲ್ಲಿಗೂ ಅದರ ಮೇಲಿನ ಚೈನ್ ಕೊಂಡಿಗೂ ಮಾರ್ಕರ್‌ನಲ್ಲಿ ಗುರುತು ಹಾಕಿ. ಹಿಂದಿನ ಬ್ರೇಕ್ ಬಿಗಿಯಾಗಿ ಹಿಡಿದು, ಗೋಡೆಗೆ ಒಂದು ಕೈ ಕೊಟ್ಟು, ಪೆಡಲ್ ಮೇಲೆ ನಿಧಾನಕ್ಕೆ ಭಾರ ಬಿಡಿ. ಹಲ್ಲು ನಿಂತಲ್ಲೇ ಇದ್ದು ಕ್ರ್ಯಾಂಕ್ ಮಾತ್ರ ಮುಂದೆ ಹೋದರೆ ಫ್ರೀವೀಲ್ ಒಳಗಿನ ಪಾಲ್ (ಒಳಹಲ್ಲಿಗೆ ಸಿಕ್ಕಿಕೊಳ್ಳೋ ಸ್ಪ್ರಿಂಗ್ ಕೊಕ್ಕೆ) ಕಚ್ಚುತ್ತಿಲ್ಲ. ಗುರುತಿನ ಕೊಂಡಿ ಹಲ್ಲು ಬಿಟ್ಟು ಹಾರಿದರೆ ತಪ್ಪು ಚೈನಿನದು, ಇಲ್ಲಾ ಸವೆದ ಹಲ್ಲಿನದು.

ಚೈನನ್ನೂ ಅಳೆಯಿರಿ. 24 ಪಿನ್ನಿನ ಅಂತರ ಹೊಸದರಲ್ಲಿ 304.8 ಮಿ.ಮೀ. ಇರುತ್ತೆ. 306 ದಾಟಿದ್ದರೆ ಎಸೆಯಿರಿ. ಟ್ರಯಲ್ಸ್‌ನಲ್ಲಿ ಚೈನ್ ವಿಷಯಕ್ಕೆ ಜಿಪುಣತನ ಬೇಡ.

ಪೆಡಲ್_ಪುಟ್ಟ:
ನೋಡಿದೆ ಸರ್. ಚೈನ್ ಅಲುಗಲಿಲ್ಲ, ಕ್ರ್ಯಾಂಕ್ ಮಾತ್ರ ಜಾರಿತು. ಚೈನ್ ಅಳತೆ 305ರ ಹತ್ತಿರ ಇದೆ. ಹಿಂದಕ್ಕೆ ತಿರುಗಿಸಿದರೆ ಕೆಲವು ಕಡೆ ಕ್ಲಿಕ್ ಸದ್ದೇ ಬರಲ್ಲ.

ಕಾವೆಂಟ್ರಿ_ಕನ್ನಡಿಗ:
ಸದ್ದು ಸತ್ತಿದ್ದರೆ ಎರಡು ಕಾರಣ ಇರಬಹುದು. ಯಾರೋ ದಪ್ಪ ಗ್ರೀಸ್ ತುಂಬಿದ್ದಾರೆ, ಪಾಲ್ ಅದರಲ್ಲಿ ಅಂಟಿಕೊಂಡು ಮೇಲೇಳ್ತಿಲ್ಲ. ಇಲ್ಲಾ ಸ್ಪ್ರಿಂಗ್ ಮುರಿದಿದೆ. ಮೊದಲು ಡೀಸೆಲ್‌ನಲ್ಲಿ ತೊಳೆದು ತೆಳು ಎಣ್ಣೆ ಬಿಟ್ಟು ನೋಡಿ. ಆಮೇಲೂ ಜಾರಿದರೆ ಬದಲಾಯಿಸಿ.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಥ್ರೆಡ್ ಎರಡಕ್ಕೂ ಒಂದೇ, 1.37 ಇಂಚು, 24 ಟಿಪಿಐ (ಇಂಚಿಗೆ 24 ಥ್ರೆಡ್). ಸಲೀಸಾಗಿ ಕೂರುತ್ತೆ. ಆದರೆ ಮಾಮೂಲಿ ಫ್ರೀವೀಲಲ್ಲಿ ಸಾಮಾನ್ಯವಾಗಿ ಎರಡೇ ಪಾಲ್. ಕ್ಲಿಕ್ ಎಣಿಸಿ ನೋಡಿ, 72ರ ಅರ್ಧವೂ ಸಿಗಲ್ಲ. ಆಫೀಸಿಗೆ ಹೋಗೋ ಸೈಕಲ್ಲಿಗೆ ಅದು ಸಾಕು. ಕಟ್ಟೆಯಿಂದ ಕಟ್ಟೆಗೆ ಹಾರುವವರು ಪೂರ್ತಿ ಮೈಭಾರವನ್ನು ಒಂದೇ ಕಿಕ್‌ನಲ್ಲಿ ಅದರ ಮೇಲೆ ಹಾಕ್ತಾರೆ, ಅಲ್ವಾ? ನಾನಂತೂ ಹಾಕಲ್ಲ.

ಹಬ್_ಹನುಮ:
ಮಧ್ಯೆ ಬಾಯಿ ಹಾಕ್ತಿದ್ದೀನಿ. ಈ ಫ್ರೀವೀಲ್ ಮುಂದೆ ಯಾಕಿರಬೇಕು? ಎಲ್ಲಾ ಸೈಕಲ್ಲಿನ ಹಾಗೆ ಹಿಂದೆ ಹಾಕಿದರೆ ತಲೆನೋವೇ ಇರಲ್ವಲ್ಲ.

ಕಾವೆಂಟ್ರಿ_ಕನ್ನಡಿಗ:
ಆ ಥ್ರೆಡ್‌ನಲ್ಲಿ 16 ಹಲ್ಲಿಗಿಂತ ಚಿಕ್ಕ ಫ್ರೀವೀಲ್ ಮಾಡೋಕೆ ಜಾಗ ಸಾಲಲ್ಲ. 18:12ರ ಗೇರ್, ಅಂದ್ರೆ 1.5, ಹಿಂದೆ 16 ಇಟ್ಟುಕೊಂಡು ಬೇಕಂದರೆ ಮುಂದೆ 24 ಹಲ್ಲು ಬೇಕು. ಅಷ್ಟು ದೊಡ್ಡದು ಮುಂದೆ ನೇತಾಡಿದರೆ ಕಲ್ಲಿಗೆ ತಗಲುತ್ತೆ.

ಪುಟ್ಟ ಅವರೇ, ಈಗ ಕ್ಲಿಕ್ ವಿಷಯ. 72 ಅಂದರೆ ಪಾಲ್ ಕಚ್ಚೋ ಮುಂಚೆ ಪೆಡಲ್ ಹೆಚ್ಚೆಂದರೆ 5 ಡಿಗ್ರಿ ಖಾಲಿ ಓಡುತ್ತೆ. 108 ಅಂದರೆ 3.3 ಡಿಗ್ರಿ. ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತೆ, ಇಲ್ಲ ಅನ್ನಲ್ಲ. ಆದರೆ ಮಾರುವವರನ್ನ ಇನ್ನೊಂದು ಕೇಳಿ: ಒಂದು ಸಲಕ್ಕೆ ಎಷ್ಟು ಪಾಲ್ ಕಚ್ಚುತ್ತೆ? ಒಳಗಿನ ಉಂಗುರಕ್ಕೆ 36 ಹಲ್ಲಿದ್ದು, ಪಾಲ್‌ಗಳನ್ನ ಎರಡು ಗುಂಪು ಮಾಡಿ ಹಿಂದೆ ಮುಂದೆ ಇಟ್ಟರೂ 72 ಕ್ಲಿಕ್ ಬರುತ್ತೆ. ಆಗ ಭಾರ ಹೊರೋದು ಅರ್ಧದಷ್ಟು ಪಾಲ್‌ಗಳು ಮಾತ್ರ. ಬರೀ ಕ್ಲಿಕ್ ಎಣಿಸಿ ಕೊಳ್ಳೋದು ಇಂಜಿನ್ ಬಿಟ್ಟು ಹಾರ್ನ್ ನೋಡಿ ಸ್ಕೂಟರ್ ಕೊಂಡ ಹಾಗೆ.

ನನ್ನ ಓಟು ಬಿಚ್ಚಿ ಸರ್ವಿಸ್ ಮಾಡಬಹುದಾದ 72ಕ್ಕೆ. ವೈಟ್ ಇಂಡಸ್ಟ್ರೀಸ್‌ನ ಈನೋ ಟ್ರಯಲ್ಸ್ ಆ ಥರದ್ದು, ಬೇರಿಂಗ್ ಸಹ ಬದಲಾಯಿಸಬಹುದು. ಹಲ್ಲು 18 ಇರೋದನ್ನೇ ತಗೊಳ್ಳಿ. 16 ಹಾಕಿದರೆ ಗೇರ್ 1.33ಕ್ಕೆ ಇಳಿಯುತ್ತೆ, ಕಿಕ್ಕಿನ ಲೆಕ್ಕವೇ ಬದಲಾಗುತ್ತೆ. ಬ್ಯಾಶ್ ರಿಂಗ್ (ಹಲ್ಲಿಗೆ ಕಲ್ಲು ತಗಲದ ಹಾಗೆ ಕಾಯೋ ಬಳೆ) ಎಲ್ಲಿ ಕೂರುತ್ತೆ ಅನ್ನೋದನ್ನೂ ನೋಡಿ, ಕೆಲವು ಫ್ರೀವೀಲಿಗೇ ಬೋಲ್ಟ್ ಆಗುತ್ತವೆ. ಹೊಸದಕ್ಕೆ ಬೇಕಾದ ರಿಮೂವರ್ ಟೂಲನ್ನ ಅದೇ ಆರ್ಡರಲ್ಲಿ ತರಿಸಿಬಿಡಿ, ಎಲ್ಲದಕ್ಕೂ ಒಂದೇ ಟೂಲ್ ಹಿಡಿಯಲ್ಲ.

ಹಬ್_ಹನುಮ:
ಹಳೇದನ್ನ ಬಿಚ್ಚೋದೇ ದೊಡ್ಡ ಕೆಲಸ. ಪೆಡಲ್ ಒತ್ತಿದಷ್ಟೂ ಅದು ಬಿಗಿಯಾಗುತ್ತಲೇ ಹೋಗಿರುತ್ತೆ. ರಾತ್ರಿ ತುಕ್ಕು ಬಿಡಿಸೋ ಎಣ್ಣೆ ಬಿಡಿ. ಕ್ರ್ಯಾಂಕ್ ಕಳಚಿ, ಟೂಲನ್ನ ವೈಸ್‌ಗೆ ಕಚ್ಚಿಸಿ, ಫ್ರೀವೀಲನ್ನ ಅದರ ಮೇಲೆ ಬೋರಲು ಕೂರಿಸಿ. ಟೂಲ್ ಎಗರದ ಹಾಗೆ ಬೋಲ್ಟ್, ವಾಷರ್ ಹಾಕಿ ಹಿಡಿಸಿ. ಆಮೇಲೆ ಮೇಲಿಂದ ನೋಡ್ತಾ ಕ್ರ್ಯಾಂಕನ್ನೇ ಗಡಿಯಾರಕ್ಕೆ ವಿರುದ್ಧ ತಿರುಗಿಸಿ. ಸಡಿಲವಾದ ತಕ್ಷಣ ಆ ಬೋಲ್ಟ್ ತೆಗೆಯಿರಿ, ಇಲ್ಲಾಂದ್ರೆ ಥ್ರೆಡ್ ಹಾಳು.

ಟೂಲ್ ಕೂರೋ ಕಚ್ಚು ಸವೆದು ಜಾರಿದರೆ ಫ್ರೀವೀಲನ್ನೇ ಬಿಚ್ಚಿ ಒಳಗಿನ ಬಾಡಿಯನ್ನ ವೈಸಲ್ಲಿ ಹಿಡೀಬೇಕು. ಎರಡು ತೂತಿನ ಮುಚ್ಚಳ ಸಾಮಾನ್ಯವಾಗಿ ಎಡ ಥ್ರೆಡ್, ಗಡಿಯಾರದ ದಿಕ್ಕಿಗೆ ಬಿಚ್ಚುತ್ತೆ. ಕೆಳಗೆ ಬಟ್ಟೆ ಹಾಸಿಕೊಳ್ಳಿ, ಗೋಲಿಗಳು ಮೂಲೆ ಮೂಲೆಗೆ ಓಡ್ತವೆ.

ಪೆಡಲ್_ಪುಟ್ಟ:
ತೊಳೆದು ನೋಡಿದೆ. ಒಂದು ಸ್ಪ್ರಿಂಗ್ ಮುರಿದಿದೆ, ಪಾಲಿನ ಅಂಚೂ ದುಂಡಗಾಗಿದೆ. 72 ಕ್ಲಿಕ್ಕಿನ 18 ಹಲ್ಲಿಂದೇ ಆರ್ಡರ್ ಮಾಡ್ತೀನಿ, ಟೂಲ್ ಸಮೇತ. ಕೂರಿಸುವಾಗ ಥ್ರೆಡ್‌ಗೆ ಗ್ರೀಸ್ ಹಚ್ಚಬೇಕಾ?

ಹಬ್_ಹನುಮ:
ಧಾರಾಳವಾಗಿ ಹಚ್ಚಿ, ಕ್ರ್ಯಾಂಕ್ ಅಲ್ಯೂಮಿನಿಯಂ ಅಲ್ವಾ, ಇಲ್ಲಾಂದ್ರೆ ಕಚ್ಚಿಕೊಂಡುಬಿಡುತ್ತೆ. ಮೊದಲ ಸುತ್ತುಗಳು ಬರೀ ಕೈಯಲ್ಲೇ ಹೋಗಬೇಕು. ಅಡ್ಡ ಹತ್ತಿದರೆ ಕ್ರ್ಯಾಂಕೂ ಹೊಸದು ತರಬೇಕಾಗುತ್ತೆ.