ಎಂಡೊಮೆಟ್ರಿಯಂ ಬಯಾಪ್ಸಿಯಲ್ಲಿ ಪಿಟೆನ್ ಕಾಣದಿದ್ದರೆ ಏನು ಅರ್ಥ?

ಪ್ರಶ್ನೆ (ಪೆಥಾಲಜಿ ಪಿ.ಜಿ.): ನಮಸ್ಕಾರ ಮೇಡಂ. 46 ವರ್ಷದವರ ಎಂಡೊಮೆಟ್ರಿಯಂ (ಗರ್ಭಕೋಶದ ಒಳಪದರ) ಬಯಾಪ್ಸಿ. ಒಂದು ಕಡೆ ಗ್ರಂಥಿಗಳು ಒತ್ತೊತ್ತಾಗಿವೆ, ಐಎಚ್‌ಸಿಯಲ್ಲಿ (ಆಂಟಿಬಾಡಿ ಬಳಸಿ ಪ್ರೋಟೀನಿಗೆ ಬಣ್ಣ ಬರಿಸುವ ಪರೀಕ್ಷೆ) ಅಲ್ಲಿ ಗಡ್ಡೆ ತಡೆಯುವ ಪಿಟೆನ್ ಪ್ರೋಟೀನ್ ಇಲ್ಲ. ಕ್ಯಾನ್ಸರ್‌ಪೂರ್ವ ಸ್ಥಿತಿ ಎಂದು ರಿಪೋರ್ಟ್ ಕೊಡಬಹುದೇ?

ಉತ್ತರ: ಪಿಟೆನ್ ಒಂದನ್ನೇ ನಂಬಿ ಕೊಡಬೇಡಿ. ಋತುಚಕ್ರ ಸರಿಯಾಗಿರುವವರಲ್ಲೂ ಪಿಟೆನ್ ಕಳೆದುಕೊಂಡ ಗ್ರಂಥಿಗಳು ಅಲ್ಲಲ್ಲಿ ಸಿಗುತ್ತವೆ, ಸೆಕ್ರೆಟರಿ ಹಂತದಲ್ಲಂತೂ (ಋತುಚಕ್ರದ ಎರಡನೇ ಅರ್ಧ) ಗ್ರಂಥಿಗಳ ಬಣ್ಣ ಸಹಜವಾಗಿಯೇ ತೆಳುವಾಗುತ್ತದೆ. ಮೊದಲು ಎಚ್ ಅಂಡ್ ಇ (ಸಾಮಾನ್ಯ ಬಣ್ಣದ) ಸ್ಲೈಡ್ ಮತ್ತೆ ನೋಡಿ. ಆ ಜಾಗದಲ್ಲಿ ಸ್ಟ್ರೋಮಾಕ್ಕಿಂತ (ಗ್ರಂಥಿಗಳ ನಡುವಿನ ಅಂಗಾಂಶ) ಗ್ರಂಥಿಗಳೇ ಹೆಚ್ಚಿವೆಯೇ? ಅವುಗಳ ಕೋಶಗಳು ಪಕ್ಕದ ಗ್ರಂಥಿಗಳಿಗಿಂತ ಬೇರೆಯಾಗಿವೆಯೇ? ಗುಂಪು 1 ಮಿ.ಮೀ. ದಾಟಿದೆಯೇ? ಪಾಲಿಪ್, ತುಂಡಾದ ಅಂಗಾಂಶದಂಥ ಮೋಸಗಳನ್ನೂ ಕ್ಯಾನ್ಸರನ್ನೂ ತಳ್ಳಿಹಾಕಿದ ಮೇಲೆ ಇವೆಲ್ಲ ಹೊಂದಿದರೆ ಅದು ಇಐಎನ್, ಅಂದರೆ ನೀವು ಕೇಳಿದ ಕ್ಯಾನ್ಸರ್‌ಪೂರ್ವ ಸ್ಥಿತಿ, ಪಿಟೆನ್ ಇರಲಿ ಬಿಡಲಿ.

ಅನುಮಾನ ಉಳಿದರೆ ಪಿಟೆನ್ ಜೊತೆಗೆ ಪ್ಯಾಕ್ಸ್2, ಬೀಟಾ ಕ್ಯಾಟೆನಿನ್ ಪ್ರೋಟೀನ್‌ಗಳಿಗೂ ಬಣ್ಣ ಹಾಕಿಸಿ. ಪ್ಯಾಕ್ಸ್2 ಅಳಿದಿರುವುದು, ಬೀಟಾ ಕ್ಯಾಟೆನಿನ್ ನ್ಯೂಕ್ಲಿಯಸ್‌ಗೆ ಸೇರಿರುವುದು ಅದೇ ಒತ್ತೊತ್ತಾದ ಗುಂಪಿನಲ್ಲೇ ಕಂಡರೆ ಬಲವಾದ ಬೆಂಬಲ. ಪಿಟೆನ್ ಓದುವಾಗ ಸ್ಟ್ರೋಮಾ ಮತ್ತು ರಕ್ತನಾಳದ ಗೋಡೆಗೆ ಬಣ್ಣ ಬಂದಿರಲೇಬೇಕು. ಅಲ್ಲೂ ಖಾಲಿಯಿದ್ದರೆ ಸ್ಲೈಡೇ ಕೆಟ್ಟಿದೆ, ಪ್ರೋಟೀನ್ ಅಳಿದಿದೆ ಎನ್ನುವಂತಿಲ್ಲ.

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್): ಹಿಸ್ಟರೆಕ್ಟಮಿ (ತೆಗೆದ ಗರ್ಭಕೋಶ) ಬ್ಲಾಕ್‌ಗಳ ಗಡ್ಡೆಯಲ್ಲಿ, ಡಿಎನ್‌ಎ ತಪ್ಪು ತಿದ್ದುವ ಎಂಎಂಆರ್ ಪ್ರೋಟೀನ್‌ಗಳ ಪೈಕಿ ಎಂಎಲ್‌ಎಚ್1, ಪಿಎಂಎಸ್2 ಎರಡೂ ಬರುತ್ತಿಲ್ಲ ಮೇಡಂ. ಎಂಎಸ್‌ಎಚ್2, ಎಂಎಸ್‌ಎಚ್6 ಚೆನ್ನಾಗಿವೆ. ಲಿಂಚ್ ಸಿಂಡ್ರೋಮ್ (ವಂಶದಿಂದ ಬರುವ ಕ್ಯಾನ್ಸರ್ ಅಪಾಯ) ಎನ್ನಬಹುದೇ?

ಉತ್ತರ: ಗಡ್ಡೆಯೊಳಗಿನ ಲಿಂಫೋಸೈಟ್, ಸ್ಟ್ರೋಮಾ ಕೋಶಗಳ ನ್ಯೂಕ್ಲಿಯಸ್ ನೋಡಿ. ಅವಕ್ಕೂ ಬಣ್ಣ ಇಲ್ಲದಿದ್ದರೆ ಫಲಿತಾಂಶ ಓದಲಾಗದು. ಗರ್ಭಕೋಶವನ್ನು ಸೀಳದೆ ಇಡಿಯಾಗಿ ಫಾರ್ಮಲಿನ್‌ಗೆ ಹಾಕಿದಾಗ ಹೀಗಾಗುವುದು ಹೆಚ್ಚು: ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಸುಮಾರು 1 ಮಿ.ಮೀ. ಮಾತ್ರ, ಅಷ್ಟರಲ್ಲಿ ಒಳಪದರ ಕೊಳೆಯಲು ತೊಡಗಿರುತ್ತದೆ. ಬಂದ ಕೂಡಲೇ ಸೀಳಿ, ಅಂಗಾಂಶದ ಕನಿಷ್ಠ 10 ಪಟ್ಟು 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇಡಿ. ಈ ಕೇಸಿನದು ಕೆಟ್ಟಿದ್ದರೆ ಹಳೆಯ ಬಯಾಪ್ಸಿ ಬ್ಲಾಕ್ ತರಿಸಿ. ಸಣ್ಣ ತುಂಡು ಬೇಗ ಫಿಕ್ಸ್ ಆಗುವುದರಿಂದ ಬಣ್ಣ ಅದರಲ್ಲೇ ಚೆನ್ನಾಗಿ ಬರುತ್ತದೆ.

ಒಳಗಿನ ಕಂಟ್ರೋಲ್ (ಆ ಲಿಂಫೋಸೈಟ್, ಸ್ಟ್ರೋಮಾ ಕೋಶಗಳ ಬಣ್ಣ) ಸರಿಯಿದ್ದರೂ ಲಿಂಚ್ ಎಂದು ಬರೆಯಬೇಡಿ. ಪಿಎಂಎಸ್2 ನಿಲ್ಲುವುದು ಎಂಎಲ್‌ಎಚ್1 ಆಸರೆಯಿಂದ, ಅದು ಹೋದರೆ ಇದೂ ಹೋಗುತ್ತದೆ. ಹೆಚ್ಚಿನವರಲ್ಲಿ ಕಾರಣ ಎಂಎಲ್‌ಎಚ್1 ಪ್ರೊಮೋಟರ್ ಮೆಥಿಲೇಷನ್ (ಜೀನನ್ನು ಸುಮ್ಮನಾಗಿಸುವ ರಾಸಾಯನಿಕ ಗುರುತು), ವಂಶದ್ದಲ್ಲ. ಆ ಪರೀಕ್ಷೆ ಆಗುವ ಮೊದಲೇ ಆಕೆಯ ಮಕ್ಕಳನ್ನು ಹೆದರಿಸುವುದು ಅನ್ಯಾಯ. ಕರುಳಿನ ಕ್ಯಾನ್ಸರಿನಲ್ಲಿ ನೆರವಾಗುವ ಬಿರಾಫ್ ಜೀನ್ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು. ಎಂಎಸ್‌ಎಚ್2 ಅಥವಾ ಎಂಎಸ್‌ಎಚ್6 ಹೋಗಿದ್ದರೆ, ಇಲ್ಲವೇ ಪಿಎಂಎಸ್2 ಒಂದೇ ಹೋಗಿದ್ದರೆ, ನೇರವಾಗಿ ಜೆನೆಟಿಕ್ ಕೌನ್ಸೆಲಿಂಗ್‌ಗೆ ಕಳಿಸಿ.

ಪ್ರಶ್ನೆ (ಪೆಥಾಲಜಿ ಪಿ.ಜಿ.): ಎಂಡೊಮೆಟ್ರಿಯಂ ಕ್ಯಾನ್ಸರಿನಲ್ಲಿ ಪಿ53 (ಗಡ್ಡೆ ತಡೆಯುವ ಇನ್ನೊಂದು ಪ್ರೋಟೀನ್) "ಪಾಸಿಟಿವ್" ಎಂದು ಬರೆದರೆ ಸಾಕಲ್ಲವೇ ಮೇಡಂ?

ಉತ್ತರ: ಸಾಲದು. ಸಹಜ ಪಿ53 ಕೂಡ ಹೆಚ್ಚು ಕಡಿಮೆಯಾಗಿ ಚದುರಿದ ಬಣ್ಣ ಕೊಡುತ್ತದೆ. ಗಡ್ಡೆ ಕೋಶಗಳ ನ್ಯೂಕ್ಲಿಯಸ್‌ಗಳಲ್ಲಿ ಸುಮಾರು 80% ದಾಟಿ ಗಾಢವಾಗಿದ್ದರೆ, ಗಡ್ಡೆಯಲ್ಲಿ ಪೂರ್ತಿ ಖಾಲಿಯಾಗಿ ಸ್ಟ್ರೋಮಾದಲ್ಲಿ ಮಾತ್ರ ಇದ್ದರೆ, ಅಥವಾ ಸೈಟೊಪ್ಲಾಸಂನಲ್ಲಿ ಇದ್ದರೆ ಅಸಹಜ. ಯಾವ ಬಗೆ ಎಂಬುದನ್ನು ಬರೆಯಿರಿ. ಅಸಹಜ ಪಿ53 ಜೊತೆ ಎಂಎಂಆರ್ ಕೊರತೆಯೂ ಇದ್ದರೆ ಗಡ್ಡೆಯನ್ನು ಎಂಎಂಆರ್ ಗುಂಪಿಗೇ ಸೇರಿಸುತ್ತಾರೆ. ಪೋಲ್‌ಇ ಜೀನಿನ ರೋಗಕಾರಕ ಮ್ಯೂಟೇಷನ್ ಸಿಕ್ಕರೆ ಗುಂಪು ತೀರ್ಮಾನಿಸುವಲ್ಲಿ ಅದು ಈ ಎರಡಕ್ಕಿಂತ ಮೇಲು, ಆದರೆ ಅದನ್ನು ಆಂಟಿಬಾಡಿ ತೋರಿಸದು, ಸೀಕ್ವೆನ್ಸಿಂಗ್ ಮಾಡಿಸಬೇಕು.